ಕೈ ಎತ್ತದ ತರಗತಿ

ನಾಗವೇಣಿ ಮೇಡಂ, ಶಿಡ್ಲಘಟ್ಟದಲ್ಲಿ ನಿಮ್ಮ ಪಾಠದ ಬಗ್ಗೆ ನಾನು ಬರೆದ ವರದಿ ಸುಳ್ಳು. ತಿಳಿಯದೆ ಆದ ತಪ್ಪಲ್ಲ, ಅವಸರದಲ್ಲಿ ಆದದ್ದಲ್ಲ, ಮೇಲಿನವರು ಯಾರೋ ಬರೆಸಿದ್ದೂ ಅಲ್ಲ. ಸುಳ್ಳೆಂದು ಗೊತ್ತಿದ್ದೇ, ಪೆನ್ನಿಗೆ ಶಾಯಿ ತುಂಬಿಸಿಕೊಂಡು, ದುಂಡಗಿನ ಅಕ್ಷರಗಳಲ್ಲಿ ಬರೆದೆ. ನಿಮ್ಮ ಮಕ್ಕಳು ಆ ಲಿಖಿತ ಪರೀಕ್ಷೆಯಲ್ಲಿ ಸೋತರು ಎಂದು ನೀವು ಇಷ್ಟು ವರ್ಷ ನಂಬಿಕೊಂಡಿದ್ದೀರಿ. ಅವರು ಸೋಲಲಿಲ್ಲ. ಚೆನ್ನಾಗಿ ಬರೆದಿದ್ದರು — ನಾನು ಆವರೆಗೆ ನೋಡಿರದಷ್ಟು ಚೆನ್ನಾಗಿ ಬರೆದಿದ್ದರು. ಆ ಉತ್ತರ ಪತ್ರಿಕೆಗಳನ್ನು ನಾನು ಬಚ್ಚಿಟ್ಟೆ. ಆ ಕಟ್ಟು ಇವತ್ತಿಗೂ ನನ್ನ ಹತ್ತಿರವೇ ಇದೆ.

ಅದಾದ ಮೇಲೆ ಇನ್ನೂ ಎರಡು ಸುಳ್ಳು ಹೇಳಿದ್ದೇನೆ. ಒಂದು ನಿಮ್ಮ ಶಿಷ್ಯೆಗೆ, ಒಂದು ನಿಮಗೆ. ಬರೆದದ್ದಕ್ಕಿಂತ ಬಾಯಲ್ಲಿ ಆಡಿದ್ದೇ ಹೆಚ್ಚು ಕೆಟ್ಟದ್ದು. ಆದರೆ ಮೊದಲಿನಿಂದ ಹೇಳದಿದ್ದರೆ ನಡುವೆ ಎಲ್ಲೋ ನುಣುಚಿಕೊಂಡುಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ನಿಮಗೆ ಗೊತ್ತಿರುವ ಸಂಗತಿಗಳೂ ಬರುತ್ತವೆ, ಸಹಿಸಿಕೊಳ್ಳಿ. ನಿಮ್ಮನ್ನು ಬಿಟ್ಟು ಬೇರೆ ಯಾರಾದರೂ ಇದನ್ನು ಓದಿದರೆ ಅವರಿಗೂ ತಿಳಿಯಲಿ.

ಪರಿವೀಕ್ಷಕನಾಗುವ ಮೊದಲು ನಾನು ಗೌರಿಬಿದನೂರಿನ ಒಂದು ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ಗಣಿತದ ಮೇಷ್ಟರಾಗಿದ್ದೆ. ಶಿಸ್ತಿನ ಮೇಷ್ಟರು ಎಂದು ಹೆಸರಿತ್ತು. ತಪಾಸಣೆಗೆ ಬಂದವರೆಲ್ಲ ನನ್ನ ತರಗತಿಯನ್ನು ನೋಡಿ ಬೆನ್ನು ತಟ್ಟಿ ಹೋಗುತ್ತಿದ್ದರು. ಯಾವ ಪ್ರಶ್ನೆ ಕೇಳಲಿ, ಒಂದು ಕೈಯೂ ಕೆಳಗಿರುತ್ತಿರಲಿಲ್ಲ. ಅದರ ಗುಟ್ಟು ನಮ್ಮ ಕಸುಬಿನವರಿಗೆಲ್ಲ ಗೊತ್ತು, ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ತಪಾಸಣೆಯ ಹಿಂದಿನ ದಿನ ಮಕ್ಕಳಿಗೆ ಹೇಳಿಕೊಡುತ್ತಿದ್ದೆ: "ಗೊತ್ತಿರೋರು ಬಲಗೈ ಎತ್ರಪ್ಪಾ, ಗೊತ್ತಿಲ್ದೋರು ಎಡಗೈ ಎತ್ರಿ. ಕೈ ಎತ್ತದೆ ಮಾತ್ರ ಒಬ್ರೂ ಕೂತ್ಕೋಬಾರ್ದು." ಸಾಹೇಬರ ಕಣ್ಣಿಗೆ ಕಾಡಿನಂತೆ ಎದ್ದ ಕೈಗಳು ಕಾಣುತ್ತಿದ್ದವು. ನನ್ನ ಕಣ್ಣು ಬಲಗೈಗಳನ್ನು ಮಾತ್ರ ಹುಡುಕಿ ಅವರಲ್ಲೊಬ್ಬರನ್ನು ಎಬ್ಬಿಸುತ್ತಿತ್ತು. ಎಡಗೈ ಎತ್ತಿದವರನ್ನು ನಾನು ವರ್ಷವಿಡೀ ಎಬ್ಬಿಸಲಿಲ್ಲ, ಆ ಮಕ್ಕಳ ಮುಖ ನನಗೆ ಈಗ ನೆನಪೂ ಇಲ್ಲ.

ಆ ಕೈಗಳ ಮೇಲೆ ನಡೆದುಕೊಂಡೇ ನಾನು ಚಿಕ್ಕಬಳ್ಳಾಪುರದ ಶಿಕ್ಷಣ ಇಲಾಖೆ ಕಚೇರಿಗೆ ಬಂದೆ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಸುತ್ತಲಿನ ನಾಲ್ಕು ತಾಲೂಕುಗಳಲ್ಲಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಮಕ್ಕಳು ರಾಶಿ ರಾಶಿ ಫೇಲಾಗುತ್ತಿದ್ದರು. ಯಾವ ಬೋಧನಾ ವಿಧಾನ ಹೆಚ್ಚು ಪರಿಣಾಮಕಾರಿ ಎಂದು ಪರಿಶೀಲಿಸಿ ವರದಿ ಕೊಡಿ, ಅದನ್ನೇ ಎಲ್ಲ ಶಾಲೆಗೂ ತರೋಣ ಎಂದು ಕಚೇರಿ ನನಗೆ ವಹಿಸಿತು. ನನ್ನದೇ ಒಂದು ವಿಧಾನವಿತ್ತು — ಪ್ರಶ್ನೆ, ಅದಕ್ಕೊಂದು ಸಿದ್ಧ ಉತ್ತರ, ತರಗತಿಯೆಲ್ಲ ಒಟ್ಟಿಗೆ ಹೇಳುವುದು, ಮತ್ತೆ ಹೇಳುವುದು. ಸೈಕ್ಲೋಸ್ಟೈಲ್ ಮಾಡಿಸಿ ಹಂಚಿದ್ದೆ. ಮೌಲ್ಯಮಾಪನದ ನಮೂನೆಯನ್ನೂ ನಾನೇ ತಯಾರಿಸಿದೆ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಕವಿದ್ದದ್ದು ಒಂದು ಕಲಮಿಗೆ: ಪ್ರಶ್ನೆ ಕೇಳಿದಾಗ ಕೈ ಎತ್ತಿದ ಮಕ್ಕಳ ಸಂಖ್ಯೆ.

ಹೌದು. ನಾನೇ. ನಗು ಬಂದರೆ ನಕ್ಕುಬಿಡಿ.

ಆ ಬೇಸಿಗೆಯ ತರಬೇತಿಯಲ್ಲಿ ನಮೂನೆಯನ್ನು ಮೇಷ್ಟರುಗಳಿಗೆಲ್ಲ ವಿವರಿಸುತ್ತಿದ್ದೆ. ಹಿಂದಿನ ಸಾಲಿನಿಂದ ನೀವು ಎದ್ದು ನಿಂತಿರಿ. ಅಲ್ಲಿಯವರೆಗೆ ನೀವು ಯಾರೆಂದೇ ನನಗೆ ಗೊತ್ತಿರಲಿಲ್ಲ. ತುಂಬ ಮೆಲ್ಲಗೆ, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದಿರಿ: "ಸಾರ್, ಕೈ ಎತ್ತಿದ ಮಗೂಗೆ ಗೊತ್ತಿದೆ ಅಂತ ಹೆಂಗೆ ಹೇಳ್ತೀರ?"

ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ಈಗ ಅನ್ನಿಸುತ್ತದೆ, ಅವರು ನಕ್ಕದ್ದು ನನ್ನನ್ನು ನೋಡಿ ಅಲ್ಲ. ಅಲ್ಲಿದ್ದವರೆಲ್ಲ ಎಡಗೈ ಬಲಗೈ ಹೇಳಿಕೊಟ್ಟವರೇ, ತಮ್ಮ ಕಳ್ಳತನ ನೆನೆದು ತಾವೇ ನಕ್ಕರು. ಆದರೆ ಆ ಹೊತ್ತಿನಲ್ಲಿ ನನಗೆ ಕಪಾಳಕ್ಕೆ ಹೊಡೆದಂತಾಯಿತು. ಏನೋ ಉತ್ತರ ಕೊಟ್ಟೆ, ಏನೆಂದು ನೆನಪಿಲ್ಲ. ನಿಮ್ಮ ಹೆಸರು, ಶಾಲೆ ಮಾತ್ರ ಬರೆದಿಟ್ಟುಕೊಂಡೆ. ಹೋಲಿಕೆಗೆ ಎರಡು ಶಾಲೆಗಳನ್ನು ಆರಿಸಬೇಕಾಗಿತ್ತು. ಚಿಂತಾಮಣಿಯಲ್ಲಿ ನನ್ನ ಹಾಳೆಗಳನ್ನೇ ಹಿಡಿದು ಪಾಠ ಮಾಡುತ್ತಿದ್ದ ಒಬ್ಬ ಮೇಷ್ಟರ ತರಗತಿಯನ್ನು ಒಂದು ಕಡೆಗೆ ಇಟ್ಟೆ, ನಿಮ್ಮ ಹತ್ತನೇ ತರಗತಿಯನ್ನು ಇನ್ನೊಂದು ಕಡೆಗೆ. ಅಲ್ಲಿಗೇ ಅರ್ಧ ವರದಿ ಬರೆದ ಹಾಗಾಗಿತ್ತು.

ಶಾಲೆ ಶುರುವಾಗಿ ಒಂದು ತಿಂಗಳಾದ ಮೇಲೆ ಶಿಡ್ಲಘಟ್ಟಕ್ಕೆ ಬಂದೆ. ರೇಷ್ಮೆಗೂಡು ಬೇಯಿಸುವ ವಾಸನೆ ಕಿಟಕಿಯಿಂದ ಒಳಗೇ ಬರುತ್ತಿತ್ತು. ನಿಮ್ಮ ಮಕ್ಕಳಲ್ಲಿ ಎಷ್ಟೋ ಜನ ಬೆಳಿಗ್ಗೆ ಮನೆಯಲ್ಲಿ ಚರಕದ ಮುಂದೆ ಕೂತು ನೂಲು ತೆಗೆದು ಬಂದವರು. ಬಿಸಿನೀರಿನಲ್ಲಿ ನೆನೆದು ಬೆರಳುಗಳು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಒಂದಿಬ್ಬರು ಕೂತಲ್ಲೇ ತೂಕಡಿಸುತ್ತಿದ್ದರು, ನೀವು ಎಬ್ಬಿಸುತ್ತಿರಲಿಲ್ಲ. ಅದನ್ನು ನಾನು ಬರೆದುಕೊಂಡೆ: ಶಿಸ್ತು ಸಾಲದು.

ನಿಮ್ಮ ವಿಧಾನ ನನಗೆ ಅರ್ಥವಾಗಲು ಎರಡು ದಿನ ಬೇಕಾಯಿತು. ಪಾಠ ಮುಗಿಯುವ ಹೊತ್ತಿಗೆ ಪ್ರತಿ ಮಗುವೂ ತನ್ನ ನೋಟ್ ಪುಸ್ತಕದಲ್ಲಿ ಎಲ್ಲಿಯವರೆಗೆ ತಿಳಿಯಿತೋ ಅಲ್ಲಿ ಕೆಂಪು ಪೆನ್ಸಿಲಿನಿಂದ ಒಂದು ಗೆರೆ ಎಳೆಯಬೇಕು. ಅಷ್ಟೇ. ಯಾರೂ ಬೈಯುವುದಿಲ್ಲ. ಮಾರನೆಯ ದಿನ ನೀವು ಪಾಠ ಶುರು ಮಾಡುತ್ತಿದ್ದದ್ದು ಎಲ್ಲಕ್ಕಿಂತ ಹಿಂದಿರುವ ಗೆರೆಯಿಂದ. ಮುಂದೆ ಹೋದವರು ಎದ್ದು ಹೋಗಿ ಹಿಂದಿರುವವರ ಪಕ್ಕ ಕೂರುತ್ತಿದ್ದರು. ಒಬ್ಬಳು ತೆಲುಗಿನಲ್ಲಿ ಹೇಳಿಕೊಡುತ್ತಿದ್ದಳು, ಇನ್ನೊಬ್ಬ ಉರ್ದುವಿನಲ್ಲಿ, ನಡುವೆ ಕನ್ನಡ. ಸಂತೆಯ ಹಾಗೆ ಗದ್ದಲ. ಅದನ್ನೂ ಬರೆದುಕೊಂಡೆ. ಪಾಠಭಾಗ ಚಿಂತಾಮಣಿಗಿಂತ ಒಂದು ಅಧ್ಯಾಯ ಹಿಂದೆ ಇತ್ತು. ಅದನ್ನಂತೂ ಕೆಂಪು ಶಾಯಿಯಲ್ಲಿ ಬರೆದುಕೊಂಡೆ.

ಮೂರನೆಯ ದಿನ ನಾನೇ ಪ್ರಶ್ನೆ ಕೇಳಿದೆ. ಸಮೀಕರಣದಲ್ಲಿ ಒಂದು ಸಂಖ್ಯೆ ಈ ಬದಿಯಿಂದ ಆ ಬದಿಗೆ ಹೋದರೆ ಚಿಹ್ನೆ ಯಾಕೆ ಬದಲಾಗುತ್ತದೆ? ಹಿಂದಿನ ವಾರ ಚಿಂತಾಮಣಿಯಲ್ಲಿ ಇದೇ ಪ್ರಶ್ನೆಗೆ ತರಗತಿಯೆಲ್ಲ ಕೈ ಎತ್ತಿತ್ತು. ಅದರಲ್ಲಿ ಎಷ್ಟು ಎಡಗೈ ಎಂದು ನನಗೆ ಕಂಡಿತ್ತು — ಕಾಣದೇ ಇರುತ್ತದೆಯೇ, ನಾನೇ ಕಲಿಸಿದ ವಿದ್ಯೆ. ಆದರೂ ಎಲ್ಲವನ್ನೂ ಎಣಿಸಿದ್ದೆ.

ನಿಮ್ಮ ತರಗತಿಯಲ್ಲಿ ಒಂದು ಕೈಯೂ ಏಳಲಿಲ್ಲ. ನಿಮ್ಮ ಕಡೆ ನೋಡಿದೆ. ನೀವು ಕಿಟಕಿಯ ಹತ್ತಿರ ಸುಮ್ಮನೆ ನಿಂತಿದ್ದಿರಿ, ಮಕ್ಕಳಿಗೆ ಕಣ್ಸನ್ನೆಯನ್ನೂ ಮಾಡಲಿಲ್ಲ. ಆಗ ಎರಡನೇ ಬೆಂಚಿನಿಂದ ಎತ್ತರದ ಒಬ್ಬ ಹುಡುಗಿ ಎದ್ದು ನಿಂತಳು. ನಸೀಮಾ.

"ಬದ್ಲಾಗುತ್ತೆ ಅಂತ ಗೊತ್ತು ಸಾರ್. ಯಾಕೆ ಅಂತ ಗೊತ್ತಿಲ್ಲ. ನಮ್ದು ಗೆರೆ ಅಲ್ಲೇ ಐತೆ," ಎಂದಳು.

ಹೆದರಿಕೆ ಇರಲಿಲ್ಲ, ನಾಚಿಕೆಯೂ ಇರಲಿಲ್ಲ ಆ ದನಿಯಲ್ಲಿ. ನನ್ನ ಹದಿನಾಲ್ಕು ವರ್ಷದಲ್ಲಿ ಒಂದು ಮಗುವೂ ನನ್ನ ಮುಂದೆ ಹಾಗೆ ನಿಂತು ಗೊತ್ತಿಲ್ಲ ಎಂದಿರಲಿಲ್ಲ. ಆ ಕಲಮಿನಲ್ಲಿ ಸೊನ್ನೆ ಹಾಕಿದೆ. ಹಾಕುವಾಗ ಖುಷಿಯಾಯಿತು — ಇದನ್ನೂ ಹೇಳಿಬಿಡುತ್ತೇನೆ — ಖುಷಿಯಾಯಿತು.

ಊಟದ ಹೊತ್ತಿನಲ್ಲಿ ನೀವೇ ಅವಳ ಸಂಗತಿ ಹೇಳಿದಿರಿ. ಎಸ್ಸೆಸ್ಸೆಲ್ಸಿ ಪಾಸಾದರೆ ಟೀಚರ್ ಟ್ರೈನಿಂಗಿಗೆ ಕಳಿಸುತ್ತೇನೆ, ಇಲ್ಲದಿದ್ದರೆ ಚರಕದ ಮುಂದೆ ಕೂರಬೇಕು ಎಂದು ಅವಳ ತಂದೆ ಮಾತು ಕೊಟ್ಟಿದ್ದರಂತೆ. ಬೇರೆ ವಿಷಯಗಳಲ್ಲಿ ಭಯವಿರಲಿಲ್ಲ, ಗಣಿತ ಒಂದು ಮಾತ್ರ. "ನನ್ನ ಕ್ಲಾಸಲ್ಲಿ ಎಲ್ಲಾರ್ಗಿಂತ ಹಿಂದಿರೋದು ಅವಳ ಗೆರೇನೇ ಸಾರ್," ಎಂದಿರಿ. "ಅವಳು ದಾಟಿದ್ರೆ ಎಲ್ಲಾರೂ ದಾಟಿದಂಗೆ." ನಾನು ತಲೆಯಾಡಿಸಿ ಮಜ್ಜಿಗೆ ಕುಡಿದೆ.

ಹತ್ತು ದಿನ ಬಿಟ್ಟು ಲಿಖಿತ ಪರೀಕ್ಷೆ. ನಿಯಮದಂತೆ ನಿಮ್ಮನ್ನು ಹೊರಗೆ ಕೂರಿಸಿದೆ. ಎರಡೂ ಶಾಲೆಗೂ ಒಂದೇ ಪ್ರಶ್ನೆಗಳು, ಅದರಲ್ಲಿ ಆ ಚಿಹ್ನೆಯ ಪ್ರಶ್ನೆಯನ್ನೂ ಹಾಕಿದ್ದೆ. ಕಟ್ಟುಗಳನ್ನು ಮನೆಗೆ ತಂದು ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕೂತು ಬಿಚ್ಚಿದೆ. ಚಿಂತಾಮಣಿಯದು ಮೊದಲು. "ಚಿಹ್ನೆ ಬದಲಾಗುವುದು ಗಣಿತದ ನಿಯಮವಾಗಿದೆ." ಒಂದು, ಎರಡು, ಹತ್ತು, ಇಪ್ಪತ್ತು — ಎಲ್ಲ ಪತ್ರಿಕೆಯಲ್ಲೂ ಅದೇ ವಾಕ್ಯ. ನನ್ನ ವಾಕ್ಯ, ನಾನು ಹಂಚಿದ ಹಾಳೆಯದು. ಲೆಕ್ಕವನ್ನು ಸ್ವಲ್ಪ ತಿರುಗಿಸಿ ಕೇಳಿದ್ದ ಕಡೆಯೆಲ್ಲ ಎಲ್ಲರೂ ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡಿದ್ದರು.

ಆಮೇಲೆ ನಿಮ್ಮದು. ಪ್ರತಿಯೊಬ್ಬರದೂ ಬೇರೆ ಬೇರೆ. ಅಕ್ಷರ ಅಂಕುಡೊಂಕು, ಕಾಗುಣಿತ ಕೇಳಲೇಬೇಡಿ. ಆದರೆ ಎಲ್ಲಿಯವರೆಗೆ ಲೆಕ್ಕ ಮಾಡಿದ್ದರೋ ಅಲ್ಲಿಯವರೆಗೆ ಸರಿಯಾಗಿತ್ತು. ತಿಳಿಯದ ಕಡೆ ಗೆರೆ. ನಸೀಮಾಳ ಪತ್ರಿಕೆ ಈಗ ನನ್ನ ಮುಂದೆಯೇ ಇದೆ, ನೋಡಿ ಬರೆಯುತ್ತೇನೆ:

"ಸಮೀಕರಣ ತಕ್ಕಡಿ ಇದ್ದಂತೆ. ಗೂಡಿನ ಮಾರ್ಕೆಟ್ಟಲ್ಲಿ ತೂಗುವಾಗ ಎರಡು ಕಡೆ ಸಮ ಇದೆ ಅಂದುಕೊಳ್ಳೋಣ. ಈ ಕಡೆಯಿಂದ ಐದು ತೆಗೆದರೆ ಆ ಕಡೆಯಿಂದಲೂ ಐದು ತೆಗೀಬೇಕು. ಇಲ್ಲಾಂದರೆ ಮೋಸ. ಈ ಕಡೆ ಐದು ಕಾಣಿಸಲ್ಲ, ಆ ಕಡೆ ಐದು ಕಳೆದಿರೋದು ಕಾಣಿಸುತ್ತೆ. ನಾವು ಐದು ಆ ಕಡೆ ಹೋಗಿ ಚಿಹ್ನೆ ಬದಲಾಯಿಸಿತು ಅನ್ನುತ್ತೇವೆ. ಆದರೆ ಏನೂ ಹೋಗಲ್ಲ."

ಅದರ ಕೆಳಗೆ ಮುಂದಿನ ಲೆಕ್ಕ ಅರ್ಧ ಮಾಡಿ ಗೆರೆ ಎಳೆದಿದ್ದಾಳೆ. "ಇಲ್ಲಿಂದ ಮುಂದೆ ಇನ್ನೂ ಗೊತ್ತಿಲ್ಲ" ಎಂದು ಬರೆದಿದ್ದಾಳೆ.

ಹತ್ತು ದಿನದ ಹಿಂದೆ ಗೊತ್ತಿಲ್ಲ ಎಂದಿದ್ದ ಹುಡುಗಿ. ಎಲ್ಲರಿಗಿಂತ ಹಿಂದಿದ್ದ ಗೆರೆ. ಆ ಪತ್ರಿಕೆಯನ್ನು ಮತ್ತೆ ಮೊದಲಿನಿಂದ ಓದಿದೆ. ಮೇಡಂ, ಏನೂ ಹೋಗುವುದಿಲ್ಲ ಎಂಬುದು ನನಗೆ — ಗಣಿತದಲ್ಲಿ ಬಿ.ಎಸ್ಸಿ ಮಾಡಿದವನಿಗೆ, ಹದಿನಾಲ್ಕು ವರ್ಷ ಪಾಠ ಹೇಳಿದವನಿಗೆ — ಒಂದು ದಿನವೂ ಹೊಳೆದಿರಲಿಲ್ಲ. ದಾಟಿದರೆ ಬದಲಾಗುತ್ತದೆ, ಉರು ಹೊಡೀರಿ ಎಂದೇ ಹೇಳಿದ್ದೆ. ಎಡಗೈ ಎತ್ತಿದ ಆ ಮಕ್ಕಳೆಲ್ಲ, ಯಾರಾದರೂ ಒಮ್ಮೆ ತಕ್ಕಡಿ ತೋರಿಸಿದ್ದರೆ ಬಲಗೈ ಎತ್ತುತ್ತಿದ್ದರೋ ಏನೋ — ಆ ಯೋಚನೆಯನ್ನು ಮುಂದಕ್ಕೆ ಹೋಗಲು ಬಿಡಲಿಲ್ಲ. ನಿಮ್ಮದು ಸರಿ ಎಂದು ಬರೆದರೆ ನಾನು ಮಾಡಿಕೊಂಡು ಬಂದದ್ದು ಏನು? ನನ್ನ ಬೆನ್ನು ತಟ್ಟಿದ್ದು ಯಾತಕ್ಕೆ? ಸಂತೋಷಪಡಬೇಕಾದ ಹೊತ್ತಿನಲ್ಲಿ ನನ್ನ ಹೊಟ್ಟೆ ಉರಿಯಿತು. ಒಂದು ಮಗು ಕಲಿತದ್ದನ್ನು ನೋಡಿ ಒಬ್ಬ ಮೇಷ್ಟರ ಹೊಟ್ಟೆ ಉರಿಯುವುದೆಂದರೆ — ಛೆ.

ಎರಡೂ ಕಟ್ಟುಗಳನ್ನು ದಾರದಿಂದ ಬಿಗಿದು ಟ್ರಂಕಿನ ತಳಕ್ಕೆ ಹಾಕಿದೆ. ವರದಿ ಬರೆದೆ. ಲಿಖಿತ ಪರೀಕ್ಷೆಗೆ ಕಾಲಾವಕಾಶವಾಗಲಿಲ್ಲ, ತರಗತಿ ವೀಕ್ಷಣೆಯನ್ನೇ ಆಧರಿಸಲಾಗಿದೆ ಎಂದು ಷರಾ ಹಾಕಿದೆ. "ಶಿಡ್ಲಘಟ್ಟದ ಶಿಕ್ಷಕಿಯ ವಿಧಾನ ಪರಿಣಾಮಕಾರಿಯಾಗಿಲ್ಲ. ಮಕ್ಕಳಲ್ಲಿ ಗೊತ್ತಿಲ್ಲ ಎನ್ನುವ ಪ್ರವೃತ್ತಿಯನ್ನು ಬೆಳೆಸಲಾಗಿದೆ." ಈ ಎರಡನೆಯ ವಾಕ್ಯ ಬರೆದಾಗ ನನಗೆ ಅದು ತುಂಬ ಚೆನ್ನಾಗಿ ಬಂದಿದೆ ಅನ್ನಿಸಿತ್ತು.

ವರದಿ ಗೋಪ್ಯ, ನಿಮಗೆ ತೋರಿಸುವ ಪದ್ಧತಿಯಿಲ್ಲ. ನಿಮಗೆ ಬಂದದ್ದು ಒಂದೇ ಸಾಲಿನ ಕಾಗದ: ಮೌಲ್ಯಮಾಪನದಲ್ಲಿ ತರಗತಿಯ ಸಾಧನೆ ತೃಪ್ತಿಕರವಾಗಿಲ್ಲ. ಅದನ್ನು ಓದಿ ಮಕ್ಕಳು ಪರೀಕ್ಷೆಯಲ್ಲಿ ಬರೆದಿಲ್ಲ ಎಂದುಕೊಂಡಿರಿ. ಮತ್ತೇನು ಅಂದುಕೊಳ್ಳಬೇಕಿತ್ತು? ದಸರಾ ರಜೆ ಮುಗಿಯುತ್ತಲೇ ನಿಮಗೆ ವರ್ಗವಾಯಿತು — ಗೌರಿಬಿದನೂರು ದಾಟಿ, ಆಂಧ್ರದ ಗಡಿಯ ಹತ್ತಿರದ ಒಂದು ಶಾಲೆಗೆ. ನಿಮ್ಮ ಜಾಗಕ್ಕೆ ಬಂದವರ ಕೈಯಲ್ಲಿ ನನ್ನ ಹಾಳೆಗಳಿದ್ದವು. ಆಮೇಲೆ ನಾಲ್ಕೂ ತಾಲೂಕುಗಳಿಗೆ ಆ ಹಾಳೆಗಳು ಹೋದವು.

ಮೊದಲನೆಯದು ಇದು. ಇಷ್ಟಕ್ಕೇ ನಿಂತಿದ್ದರೂ —

ನಿಲ್ಲಲಿಲ್ಲ. ಎರಡು ವರ್ಷದ ಮೇಲೆ ಏನೋ ಕೆಲಸದ ಮೇಲೆ ಶಿಡ್ಲಘಟ್ಟಕ್ಕೆ ಹೋಗಿದ್ದೆ. ಗೂಡಿನ ಮಾರ್ಕೆಟ್ಟಿನ ಮುಂದೆ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಹಿಂದಿನಿಂದ ಯಾರೋ "ಸಾರ್, ಸಾರ್" ಎಂದು ಕೂಗಿದರು. ತಲೆಯ ಮೇಲೆ ದುಪಟ್ಟಾ ಸರಿಮಾಡಿಕೊಳ್ಳುತ್ತಾ ಬಂದವಳು ನಸೀಮಾ. ಮುಖ ಬತ್ತಿತ್ತು. ಬೆರಳುಗಳು ಮೊದಲಿಗಿಂತ ಬೆಳ್ಳಗಾಗಿದ್ದವು. ಅಲ್ಲಲ್ಲಿ ಚರ್ಮ ಎದ್ದಿತ್ತು.

ಗಣಿತದಲ್ಲಿ ಎರಡು ಸಲ ಹೋಗಿತ್ತಂತೆ. ಬೇರೆಲ್ಲ ಪಾಸು. ಹೊಸ ಮೇಷ್ಟರು ಒಳ್ಳೆಯವರೇ, ಆದರೆ ಗೆರೆ ನೋಡುವುದಿಲ್ಲ, ಓಡಿಸಿಕೊಂಡು ಹೋಗುತ್ತಾರೆ ಎಂದಳು. ತಂದೆ ಇನ್ನೊಂದು ವರ್ಷ ನೋಡುತ್ತೇನೆ ಎಂದಿದ್ದರಂತೆ. ಶಾಲೆಯಲ್ಲಿ ನಿಮ್ಮ ವಿಳಾಸ ಕೇಳಿದರೆ ಕಚೇರಿಯವರಿಗೇ ಗೊತ್ತು ಎಂದರಂತೆ.

"ನೀವು ಆಫೀಸಿನೋರಲ್ವಾ ಸಾರ್. ನಮ್ ಮಿಸ್ಸು ಯಾವಾಗ ಬರ್ತಾರೆ? ಮಿಸ್ಸು ಬಂದ್ರೆ ಅವರತ್ರ ಹೇಳಿಸ್ಕೊಂಡು ಮತ್ತೆ ಪರೀಕ್ಷೆ ಕಟ್ತೀನಿ."

ನಿಮ್ಮ ವಿಳಾಸ ನನ್ನ ಜೇಬಿನ ಡೈರಿಯಲ್ಲೇ ಇತ್ತು, ಎಲ್ಲ ಗಣಿತದ ಮೇಷ್ಟರುಗಳದೂ ಇರುತ್ತಿತ್ತು. ಒಂದು ಕಾರ್ಡಿನ ಕೆಲಸ. ಅವಳು ಬರೆದರೆ ನೀವು ಬರೆಯುತ್ತಿದ್ದಿರಿ, ಅಥವಾ ಬಂದೇ ಬಿಡುತ್ತಿದ್ದಿರಿ. ಅದೇ ನನಗೆ ಹೆದರಿಕೆ. ಇಬ್ಬರೂ ಸೇರಿದರೆ ಆ ಪರೀಕ್ಷೆಯ ಮಾತು ಬರುತ್ತದೆ. ನಾನು ತಕ್ಕಡಿ ಅಂತ ಬರೆದಿದ್ದೆ ಮಿಸ್ಸ್, ತಪ್ಪಾಗಿತ್ತಾ ಎಂದು ಅವಳು ಕೇಳುತ್ತಾಳೆ. ನೀವು ಕಚೇರಿಗೆ ಬಂದು ಪತ್ರಿಕೆಗಳೆಲ್ಲಿ ಎನ್ನುತ್ತೀರಿ. ಇಷ್ಟೆಲ್ಲ ಕ್ಷಣದಲ್ಲಿ ಲೆಕ್ಕ ಹಾಕಿದೆ. ಲೆಕ್ಕದಲ್ಲಿ ನಾನು ಚುರುಕು.

"ಬರ್ತಾರಮ್ಮ," ಎಂದೆ. "ಮುಂದಿನ ವರ್ಷ ಇಲ್ಲಿಗೇ ಹಾಕ್ತಾರೆ. ಕಾದಿರು."

ಅವಳ ಮುಖ ಅರಳಿದ್ದು ಈಗಲೂ ಕಣ್ಣಮುಂದೆ ಇದೆ. ಕೈ ಮುಗಿದಳು, ನನಗೆ! ನೋಟ್ ಪುಸ್ತಕ ಇನ್ನೂ ಹಾಗೇ ಇಟ್ಟಿದ್ದೀನಿ ಸಾರ್, ಕೊನೇ ಗೆರೆ ಎಲ್ಲಿದೆ ಅಂತ ಮಿಸ್ಸಿಗೆ ತೋರಿಸ್ಬೇಕು ಎಂದಳು. ಬಸ್ಸು ಬಂತು, ಹತ್ತಿದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿದರೂ ಅವಳು ಕಾಣದಂತೆ ಈಚೆ ಬದಿಗೆ ಕೂತೆ.

ಇನ್ನೊಂದು ಉಳಿದಿದೆ. ಅದು ನಿಮಗೆ ಹೇಳಿದ್ದು.

ತೊಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು. ಗಡಿಯ ಆ ಶಾಲೆಗೆ ತಪಾಸಣೆಗೆ ನಾನೇ ಬರಬೇಕಾಯಿತು. ತಪ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ದಾರಿಯುದ್ದಕ್ಕೂ ಹೇಳಿಬಿಡೋಣ ಎಂದುಕೊಂಡೇ ಬಂದೆ. ನಂಬುತ್ತೀರೋ ಇಲ್ಲವೋ — ನಿಮ್ಮ ಮಕ್ಕಳ ಆ ಕಟ್ಟು ಅವತ್ತು ನನ್ನ ಚೀಲದಲ್ಲಿತ್ತು. ನಿಮ್ಮ ಕೂದಲು ಅಷ್ಟರಲ್ಲೇ ನೆರೆತಿತ್ತು. ನಮಸ್ಕಾರ ಸಾರ್ ಎಂದಿರಿ, ಅಷ್ಟೇ. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಮಕ್ಕಳ ನೋಟ್ ಪುಸ್ತಕ ತಿರುವಿ ನೋಡಿದೆ. ಎಲ್ಲೂ ಕೆಂಪು ಗೆರೆಯಿರಲಿಲ್ಲ. ಪುಟಗಳು ಅಚ್ಚುಕಟ್ಟಾಗಿದ್ದವು.

ಅದೇ ಪ್ರಶ್ನೆ ಕೇಳಿದೆ. ಯಾಕೆ ಕೇಳಿದೆನೋ. ಚಿಹ್ನೆ ಯಾಕೆ ಬದಲಾಗುತ್ತದೆ ಮಕ್ಕಳೇ?

ಎಲ್ಲ ಕೈಗಳೂ ಎದ್ದವು. ಸರಕ್ಕನೆ, ಒಟ್ಟಿಗೆ. ನಾನು ನೋಡಿದೆ. ನೋಡಬಾರದೆಂದುಕೊಂಡರೂ ನನ್ನ ಹಳೆಯ ಕಣ್ಣು ನೋಡಿತು. ಅರ್ಧಕ್ಕರ್ಧ ಎಡಗೈ. ಅದರಲ್ಲೊಂದು ಪುಟ್ಟ ಹುಡುಗಿ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಎಡಗೈ ಎತ್ತಿದ್ದಳು, ಮರೆತು ತಪ್ಪು ಕೈ ಎತ್ತಿಬಿಟ್ಟೇನು ಎಂಬ ಭಯಕ್ಕೆ. ನೀವು ಬಲಗೈಯವಳೊಬ್ಬಳನ್ನು ಎಬ್ಬಿಸಿದಿರಿ. ಅವಳು ಕೈಕಟ್ಟಿ ನಿಂತು ಹೇಳಿದಳು: "ಚಿಹ್ನೆ ಬದಲಾಗುವುದು ಗಣಿತದ ನಿಯಮವಾಗಿದೆ ಸಾರ್."

ನೀವು ನನ್ನ ಕಡೆ ನೋಡಲಿಲ್ಲ. ಕೈಯ ಸೀಮೆಸುಣ್ಣ ಒರೆಸಿಕೊಳ್ಳುತ್ತಿದ್ದಿರಿ.

ಆಮೇಲೆ ಸ್ಟಾಫ್ ರೂಮಿನಲ್ಲಿ ಉಪ್ಪಿಟ್ಟು ತರಿಸಿದ್ದರು. ಬೇರೆಯವರೆಲ್ಲ ತರಗತಿಗೆ ಹೋಗಿದ್ದರು. ಗೆರೆ ಬಿಟ್ಟುಬಿಟ್ಟಿರಾ ಎಂದು ನಾನೇ ಕೇಳಿದೆ. ನೀವು ಕೋಪ ಮಾಡಿಕೊಳ್ಳಬಹುದಿತ್ತು, ಮಾಡಿಕೊಳ್ಳಲಿಲ್ಲ. ನನ್ನನ್ನು ಸಮಾಧಾನ ಮಾಡುವವರ ಹಾಗೆ ಹೇಳಿದಿರಿ, "ನನ್ ಪಾಠದಲ್ಲೇ ತಪ್ಪಿತ್ತು ಸಾರ್. ಮಕ್ಕಳು ಬರೀಲಿಲ್ವಲ್ಲ ಅವತ್ತು. ಪಾಪ, ಅವರ ಒಂದು ವರ್ಷ ಹಾಳ್ಮಾಡಿದೆ."

ಆಗಲೇ ಚೀಲಕ್ಕೆ ಕೈ ಹಾಕಬೇಕಿತ್ತು. ದಾರದ ಗಂಟು ಬೆರಳಿಗೆ ಸಿಗುತ್ತಿತ್ತು. ಮಕ್ಕಳು ಬರೆದಿದ್ದರು ಮೇಡಂ — ಮೂರು ಪದ. ಹೇಳಲಿಲ್ಲ. ಉಪ್ಪಿಟ್ಟಿನ ತಟ್ಟೆಯನ್ನು ಹತ್ತಿರ ಎಳೆದುಕೊಂಡೆ. ಆಗ ನೀವು ಕೇಳಿದಿರಿ.

"ಶಿಡ್ಲಘಟ್ಟದ ಕಡೆ ಹೋಗ್ತಿರ್ತೀರಲ್ಲ ಸಾರ್. ನಸೀಮಾ ಪಾಸಾದ್ಲಾ?"

ನಾನು ಏನು ಹೇಳಿದೆನೆಂದು ನಿಮಗೆ ನೆನಪಿದ್ದೇ ಇರುತ್ತದೆ. ಪಾಸಾದಳು ಎಂದೆ. ಟೀಚರ್ ಟ್ರೈನಿಂಗಿಗೆ ಸೇರಿದಳಂತೆ ಎಂದು ನಾನಾಗಿಯೇ ಸೇರಿಸಿದೆ. ಆ ದಿನ ಮೊದಲ ಸಲ ನೀವು ನಕ್ಕಿರಿ. ಮುಖವೆಲ್ಲ ನಗು. "ಹಂಗಾರೆ ಸರಿ ಬಿಡಿ ಸಾರ್," ಎಂದಿರಿ. "ಅವಳೇನಾದ್ರೂ ಫೇಲಾಗಿದ್ರೆ ಈ ಬೇಸಿಗೆ ರಜಾದಲ್ಲಿ ಹೋಗಿ ಕೂತ್ಕೊಂಡು ಹೇಳ್ಕೊಡಣ ಅಂತಿದ್ದೆ."

ಆ ಮಾತು ಕೇಳಿದ ಮೇಲೂ ನಾನು ಸುಮ್ಮನಿದ್ದೆ. ಇದಕ್ಕೆ ಏನು ಕಾರಣ ಕೊಡಲಿ? ಆಗಲೂ ತಡವಾಗಿರಲಿಲ್ಲ, ಅವಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಒಂದು ಬೇಸಿಗೆ ಸಾಕಿತ್ತು. ನಾನು ತಟ್ಟೆ ಖಾಲಿ ಮಾಡಿ, ಕೈ ತೊಳೆದುಕೊಂಡು, ನಿಮ್ಮ ತಪಾಸಣೆಯ ನಮೂನೆಯನ್ನು ತೆಗೆದೆ. ಕೈ ಎತ್ತಿದವರು: ಎಲ್ಲರೂ. ಬೋಧನಾ ವಿಧಾನ: ಅತ್ಯುತ್ತಮ. ಕೆಳಗೆ ಸಹಿ ಮಾಡಿ ನಿಮ್ಮ ಕಡೆ ತಳ್ಳಿದೆ. ನೀವು ಓದದೆ ಸಹಿ ಮಾಡಿದಿರಿ.

ನಾನು ನಿವೃತ್ತನಾಗಿ ಒಂದು ವರ್ಷವಾಯಿತು. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿ, ಸುತ್ತಲಿನ ತಾಲೂಕುಗಳ ಗಣಿತ ಪಾಠಕ್ಕೆ ಒಂದು ಶಿಸ್ತು ತಂದವರು ಎಂದು ಹೊಗಳಿದರು. ಮೇಷ್ಟರುಗಳೆಲ್ಲ ಚಪ್ಪಾಳೆ ತಟ್ಟಿದರು. ನಾನು ತಂದದ್ದು ಏನೆಂದು ನನಗೆ ಗೊತ್ತು. ಈ ನಾಲ್ಕು ಊರುಗಳ ನಡುವೆ ಎಷ್ಟು ಮಕ್ಕಳು ಒಂದು ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಇನ್ನೊಂದನ್ನು ಎತ್ತಿದರೋ, ಆಮೇಲೆ ಎಲ್ಲಿ ಹೋದರೋ, ಅದಕ್ಕೆ ನನ್ನ ಯಾವ ನಮೂನೆಯಲ್ಲೂ ಕಲಮಿಲ್ಲ. ಶಿಡ್ಲಘಟ್ಟದಲ್ಲಿ ಬಸ್ಸು ನಿಂತರೆ ಈಗಲೂ ನಾನು ಕೆಳಗಿಳಿಯುವುದಿಲ್ಲ. ನಸೀಮಾ ಇನ್ನೂ ಆ ಊರಿನಲ್ಲೇ ಇದ್ದಾಳೋ ಇಲ್ಲವೋ ವಿಚಾರಿಸಿಲ್ಲ. ವಿಚಾರಿಸುವ ಧೈರ್ಯ ಇದ್ದಿದ್ದರೆ ಇದನ್ನೆಲ್ಲ ಎಂದೋ ಬರೆದಿರುತ್ತಿದ್ದೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ನಿಮ್ಮ ಸ್ವಭಾವ ಅಂಥದು. ಅದು ನನಗೆ ಬೇಡ. ಕಚೇರಿಗೂ ಇದರ ಒಂದು ಪ್ರತಿ ಕಳಿಸುತ್ತಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ.

ಈ ಕಾಗದದ ಜೊತೆ ಆ ಕಟ್ಟನ್ನು ಇಟ್ಟಿದ್ದೇನೆ. ದಾರ ಹೊಸದು, ಹಳೆಯದು ಪುಡಿಯಾಗಿತ್ತು. ಎಲ್ಲಕ್ಕಿಂತ ಮೇಲಿರುವುದು ನಸೀಮಾಳ ಪತ್ರಿಕೆ. ನಾನು ಕಂಡಾಗ ಅವಳು ಪಾಸಾಗಿರಲಿಲ್ಲ, ಮೇಡಂ. ನೀವು ಬರುತ್ತೀರಿ ಎಂದು ಕಾಯುತ್ತಿದ್ದಳು.